ಚಿಗಟವಲ್ಲ, ಬ್ಯಾರಿಟೋನ್!

ಉಕುಲೇಲೆ ಮನೆತನದ ದಪ್ಪ ದನಿಯ ಹಿರಿಯರು ಬ್ಯಾರಿಟೋನ್. ನಾವು ಹೋದಾಗ ತಂತಿ ಬಿಚ್ಚಿಸಿಕೊಂಡು ಮೇಜಿನ ಮೇಲೆ ಅಂಗಾತ ಮಲಗಿದ್ದರು. ಪಕ್ಕದಲ್ಲಿ ಐದು ಬಗೆಯ ತಂತಿ ಪೊಟ್ಟಣ. ಮಾಲೀಕರು ಆರನೆಯದನ್ನು ತರಲು ಪೇಟೆಗೆ ಹೋಗಿದ್ದರು. ತಂತಿ ಇಲ್ಲದಿದ್ದರೂ ಹಿರಿಯರ ಬಾಯಿಗೆ ಬರವಿರಲಿಲ್ಲ.

ತಮ್ಮ ಪೂರ್ವಾಪರ?

ನಮ್ಮ ಪೂರ್ವಜರು ಮಡೈರಾ ದ್ವೀಪದವರು. 1879ರಲ್ಲಿ ಕಬ್ಬಿನ ತೋಟದ ಕೂಲಿಗೆ ಹೊರಟವರ ಜೊತೆ ಹಡಗು ಹತ್ತಿ ಹವಾಯಿ ಸೇರಿದರು. ಅಲ್ಲಿ 'ಜಿಗಿಯುವ ಚಿಗಟ' ಎಂಬರ್ಥದ 'ಉಕುಲೇಲೆ' ಹೆಸರು ಅಂಟಿಕೊಂಡಿತು. ನಾನು ಹುಟ್ಟಿದ್ದು 1940ರ ದಶಕದಲ್ಲಿ, ಅಮೆರಿಕದಲ್ಲಿ. ನನ್ನ ಹೊಟ್ಟೆ ನೋಡಿ ಹೇಳಿ, ಇದು ಚಿಗಟವೇ?

ಗಿಟಾರ್ ನಿಮಗೆ ನೆಂಟರಂತೆ?

ಶ್ರುತಿಯಲ್ಲಿ ಮಾತ್ರ. ಗಿಟಾರಿನ ತೆಳು ತಂತಿಗಳಾದ ಡಿ, ಜಿ, ಬಿ, ಇ ನನಗೂ ಅವೇ. ಇಷ್ಟು ಕೇಳಿದ್ದೇ ತಡ, ಕೆಲವರು ಉಕ್ಕಿನ ತಂತಿ ಹಿಡಿದು ಬಂದುಬಿಡುತ್ತಾರೆ. ಆ ಎಳೆತಕ್ಕೆ ನನ್ನ ಕುದುರೆಯೇ ಕಿತ್ತು ಬರುತ್ತದೆ! ಕ್ಲಾಸಿಕಲ್ ಗಿಟಾರಿನ ನೈಲಾನ್ ಆದೀತು. ಆದರೆ ನನ್ನ ತಂತಿಯ ಉದ್ದ ಸುಮಾರು 20 ಅಂಗುಲ, ಅದರದು 25ಕ್ಕೂ ಹೆಚ್ಚು. ಹಾಗಾಗಿ ನನ್ನ ಮೇಲೆ ತುಸು ಸಡಿಲ.

ನೈಲಾನೋ, ಫ್ಲೋರೋಕಾರ್ಬನ್ನೋ?

ನೈಲಾನಿನ ದನಿ ಮೆದು. ಆದರೆ ತೇವ ಹೀರುತ್ತದೆ, ಹವೆ ಬದಲಾದರೆ ಶ್ರುತಿಯೂ ಜಾರುತ್ತದೆ. ಫ್ಲೋರೋಕಾರ್ಬನ್ ಗಾಳದ ದಾರದ ಜಾತಿ. ಸಾಂದ್ರತೆ ಹೆಚ್ಚು, ಅದೇ ಸ್ವರಕ್ಕೆ ತೆಳ್ಳಗಿದ್ದರೂ ಸಾಕು, ದನಿ ಖಣಿಖಣಿ. ಮೀನಿಗೂ ರಾಗಕ್ಕೂ ಒಂದೇ ಗಾಳ ನೋಡಿ.

ಡಿ, ಜಿ ತಂತಿಗಳಿಗೆ ಲೋಹದ ಅಲಂಕಾರವೇಕೆ?

ಅಲಂಕಾರವಲ್ಲ, ತೂಕ. ತಗ್ಗು ಸ್ವರಕ್ಕೆ ತೂಕದ ತಂತಿ ಬೇಕು. ಬರೀ ನೈಲಾನಿನಲ್ಲಿ ಆ ತೂಕ ತರಹೊರಟರೆ ತಂತಿ ದಪ್ಪವಾಗಿ 'ಢಬ್' ಅನ್ನುತ್ತದೆ. ಅದಕ್ಕೇ ನೈಲಾನ್ ಎಳೆಗಳ ಮೇಲೆ ಸಣ್ಣ ಲೋಹದ ಸರಿಗೆ ಸುತ್ತುತ್ತಾರೆ. ಬೆರಳು ಜಾರಿಸಿದರೆ 'ಕಿರ್ರ್' ಅನ್ನುತ್ತದೆ, ಮೆಟ್ಟಿಲು ತಾಗುವಲ್ಲಿ ಮೊದಲು ಸವೆಯುತ್ತದೆ.

ಚಿಕ್ಕ ಉಕುಲೇಲೆಗಳಂತೆ ಜಿ, ಸಿ, ಇ, ಎ ಶ್ರುತಿ?

ನನ್ನ ಅಳತೆಗೆ ಆ ಶ್ರುತಿಯದೇ ತಂತಿ ಸಿಗುತ್ತದೆ. ಇದ್ದ ತಂತಿಯನ್ನೇ ಐದು ಅರ್ಧಸ್ವರ ಮೇಲಕ್ಕೆ ತಿರುಚುವ ಮಹಾನುಭಾವರಿಗೆ ಮಾತ್ರ ದೂರದಿಂದಲೇ ನಮಸ್ಕಾರ.

ಹೊಸ ತಂತಿ ಹಾಕಿದ ದಿನವೇ ಅಪಶ್ರುತಿ ಅಂತ ನಿಮ್ಮ ಮೇಲೆ ದೂರು.

ಹೊಸ ತಂತಿ ಹಿಗ್ಗುತ್ತದೆ, ಕೆಲವು ದಿನ ಬಿರಡೆ ತಿರುಗಿಸುತ್ತಲೇ ಇರಬೇಕು. ನಮ್ಮ ಮಾಲೀಕರು ಎರಡನೇ ದಿನಕ್ಕೇ ಬಿಚ್ಚುತ್ತಾರೆ. ಹೊಸ ಚಪ್ಪಲಿ ಕಚ್ಚಿತೆಂದು ಯಾರಾದರೂ ಮರುದಿನವೇ ಎಸೆಯುತ್ತಾರೆಯೇ?

ಕೊನೆಗೆ, ಯಾವ ತಂತಿ ಉತ್ತಮ?

ಮೊದಲು ಶ್ರುತಿ ಗೊತ್ತುಮಾಡಿಕೊಳ್ಳಿ. ಪೊಟ್ಟಣದ ಮೇಲೆ ಬ್ಯಾರಿಟೋನ್ ಅಂತಲೂ ಆ ಶ್ರುತಿಯೂ ಇದೆಯೇ ನೋಡಿ. ಹಾಕಿ, ಒಂದು ತಿಂಗಳು ನುಡಿಸಿ. ಕುಣಿಯಲಾರದವಳಿಗೆ ನೆಲ ಡೊಂಕು, ನುಡಿಸಲಾರದವರಿಗೆ ತಂತಿ ಡೊಂಕು.

ಅಷ್ಟರಲ್ಲಿ ಮಾಲೀಕರು ಆರನೆಯ ಪೊಟ್ಟಣದೊಂದಿಗೆ ಬಂದರು. ಐದನೆಯದನ್ನು ಇನ್ನೂ ಒಡೆದಿರಲಿಲ್ಲ.