ಪೆಟ್ರೋಲ್ ಹೋಯ್ತು, ಪ್ರೀಮಿಯಂ ಬಂತು

ಎಲೆಕ್ಟ್ರಿಕ್ ಕಾರು ಕೊಂಡವರ ಮುಖದಲ್ಲಿ ವರ್ಷಕ್ಕೆ ಹನ್ನೊಂದು ತಿಂಗಳು ಒಂದು ಕಳೆ ಇರುತ್ತದೆ. ಸಾಲ ತೀರಿಸಿದವನು ಸಾಹುಕಾರನ ಅಂಗಡಿ ಮುಂದೆ ಎದೆಯುಬ್ಬಿಸಿ ನಡೆದ ಹಾಗೆ ಪೆಟ್ರೋಲ್ ಬಂಕ್ ದಾಟುತ್ತಾರೆ. ಹನ್ನೆರಡನೇ ತಿಂಗಳು ವಿಮೆ ನವೀಕರಣದ ಮೆಸೇಜು ಬರುತ್ತದೆ, ಕಳೆ ಇಳಿಯುತ್ತದೆ.

"ಕಾರಿಗೆ ವಯಸ್ಸಾಯ್ತು, ಬೆಲೆ ಇಳೀತು. ಪ್ರೀಮಿಯಂ ಯಾಕ್ರೀ ಏರ್ತು?" ಎಂದು ಏಜೆಂಟರನ್ನು ಕೇಳಿ ನೋಡಿ. ಉತ್ತರ ರೆಡಿ ಇರುತ್ತದೆ.

ಥರ್ಡ್ ಪಾರ್ಟಿ, ಅಂದರೆ ಬೇರೆಯವರಿಗಾದ ಹಾನಿಯ ವಿಮೆಯ ಮೊತ್ತ ಸರ್ಕಾರ ಗೊತ್ತುಮಾಡಿದ್ದು. 2022ರ ದರಪಟ್ಟಿಯಲ್ಲಿ ವಿದ್ಯುತ್ ಕಾರಿಗೆ ಶೇ. 15 ರಿಯಾಯಿತಿ: ಮೋಟಾರು 30 ಕಿಲೋವಾಟ್ ಮೀರದಿದ್ದರೆ 1,780 ರೂಪಾಯಿ, 65 ಮೀರಿದರೆ 6,712. ಇಲ್ಲಿ ತಕರಾರಿಲ್ಲ. ತಕರಾರಿರುವುದು ಓನ್ ಡ್ಯಾಮೇಜ್, ಅಂದರೆ ನಮ್ಮ ಕಾರಿಗೇ ಆಗುವ ಹಾನಿಯ ಭಾಗದಲ್ಲಿ. ಅದು ವಿಮಾ ಕಂಪನಿಯ ಲೆಕ್ಕ. ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ನುಂಗಿದ ಬ್ಯಾಟರಿ ಕೂತಿರುವುದು ನಮ್ಮ ಪಾದದಡಿ. ಬೆಂಗಳೂರಿನ ಹಂಪು, ಹೊಂಡ, ಮಳೆನೀರು ಮೂರೂ ಮೊದಲು ಮಾತಾಡಿಸುವುದು ಅದನ್ನೇ. ಕೆಟ್ಟರೆ ಬೀದಿಕೊನೆಯ ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು ಕೈಮುಗಿಯುತ್ತಾನೆ, "ನನ್ನಿಂದಾಗಲ್ಲ ಸಾರ್, ಕಂಪನಿಗೇ ಒಯ್ಯಿರಿ." ಅಲ್ಲಿ ಬರುವ ಬಿಲ್ಲಿನ ಭಯವೂ ಪ್ರೀಮಿಯಂನಲ್ಲಿ ಸೇರಿರುತ್ತದೆ.

ಬಂಪರಿನ ಗೀರಿಗೊಂದು ಕ್ಲೈಮ್ ಹಾಕಿದಿರೋ, ಐದು ವರ್ಷ ಜತನ ಮಾಡಿದ ಶೇ. 50ರ ನೋ ಕ್ಲೈಮ್ ಬೋನಸ್ ಸೊನ್ನೆ! ಎಲ್ಲದರ ಮೇಲೆ ಶೇ. 18 ಜಿಎಸ್‌ಟಿ.

ಆದ್ದರಿಂದ ನವೀಕರಣದ ಬಟನ್ ಒತ್ತುವ ಮುನ್ನ ನಾಲ್ಕು ಕಡೆ ದರ ಕೇಳಿ, ಐಡಿವಿ (ವಿಮೆಗೆ ಹಿಡಿದ ಕಾರಿನ ಬೆಲೆ) ಎಷ್ಟೆಂದು ನೋಡಿ, ಬ್ಯಾಟರಿ ರಕ್ಷಣೆಯ ಆಡ್‌ಆನ್ ಬಿಡಬೇಡಿ. ಸಣ್ಣಪುಟ್ಟ ಗೀರು ಮಾತ್ರ ನಿಮ್ಮ ದುಡ್ಡಲ್ಲೇ ಅಳಿಸಿಕೊಳ್ಳಿ.