ಅಲ್ಯೂಮಿನಿಯಂ ವರ್ಜನ ಮೀಮಾಂಸೆ: ನಾಲ್ಕು ತಾಲೂಕುಗಳಿಗೆ ಸೀಮಿತವಾದ ಒಂದು ಶಾಸ್ತ್ರವಿಚಾರ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಜರ್ಮನ್ ಬೋಗುಣಿಯನ್ನು, ಅಂದರೆ ಅಲ್ಯೂಮಿನಿಯಂ ಪಾತ್ರೆಯನ್ನು, ಒಲೆಯ ಮೇಲಿಡಬೇಕೋ ಗುಜರಿಗೆ ಹಾಕಬೇಕೋ ಎಂಬ ವಿವಾದ ಇನ್ನೂ ಇತ್ಯರ್ಥವಾಗಿಲ್ಲ. ನಮ್ಮ ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಒಪ್ಪಿದ್ದರು. ಈ ವಿವಾದದಲ್ಲಿ ಮಾತ್ರ ಐದನೆಯದಾದ ‘ಫಾರ್ವರ್ಡ್’ ಪ್ರಮಾಣವೇ ಪ್ರಬಲ. ಅದರ ಪ್ರಕಾರ ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೆಂದ ಬೇಳೆ ಮೊದಲು ಮರೆವನ್ನೂ ಆಮೇಲೆ ಮೂಳೆನೋವನ್ನೂ ತರುತ್ತದೆ. ಆ ಪ್ರಮಾಣವನ್ನು ಪ್ರಶ್ನಿಸುವ ಉದ್ಧಟತನವನ್ನು ಈ ಪ್ರಬಂಧ ಮಾಡುವುದಿಲ್ಲ. ಅದನ್ನು ಪೂರ್ತಿ ಒಪ್ಪಿಕೊಂಡು, ಅದು ಎಲ್ಲಿಗೆ ಕರೆದೊಯ್ಯುತ್ತದೋ ಅಲ್ಲಿಯವರೆಗೆ ವಿಧೇಯತೆಯಿಂದ ಹೋಗುತ್ತದೆ, ಅಷ್ಟೆ. ಪ್ರತಿಜ್ಞೆ ಹೀಗಿದೆ: ಅಲ್ಯೂಮಿನಿಯಂ ಇದ್ದಲ್ಲೆಲ್ಲ ಅಪಾಯವಿದೆ ಎಂದಾದರೆ, ಅದು ಎಲ್ಲಿ ಅತಿ ಹೆಚ್ಚಾಗಿದೆಯೋ ಅದನ್ನೇ ಮೊದಲು ತ್ಯಜಿಸತಕ್ಕದ್ದು.

ಈ ಸೂತ್ರವನ್ನು ಅನ್ವಯಿಸಿದೊಡನೆ ಮೊದಲ ಆರೋಪಿಯಾಗಿ ನಿಲ್ಲುವುದು ಬೋಗುಣಿಯಲ್ಲ, ಹೊಲ. ಭೂಮಿಯ ಹೊರಪದರದಲ್ಲಿ ಅತ್ಯಂತ ಹೇರಳವಾಗಿರುವ ಲೋಹ ಅಲ್ಯೂಮಿನಿಯಂ. ತೂಕದಲ್ಲಿ ಅದರ ಪಾಲು ನೂರಕ್ಕೆ ಸುಮಾರು 8. ಈ ನಾಲ್ಕು ತಾಲೂಕುಗಳ ಎರೆಮಣ್ಣು ಬಹುಪಾಲು ದಖ್ಖನ್ನಿನ ಬಸಾಲ್ಟ್ ಶಿಲೆ ಸವೆದು ಆದದ್ದು. ಮಳೆ ಬಿದ್ದರೆ ಕಾಲಿಗೆ ಅಂಟುವ, ಬೇಸಿಗೆಯಲ್ಲಿ ಬಿರುಕು ಬಿಡುವ ಅದರ ಜೇಡಿಯು ರಾಸಾಯನಿಕವಾಗಿ ಅಲ್ಯೂಮಿನಿಯಂ ಮತ್ತು ಸಿಲಿಕಾಗಳ ಸಂಯುಕ್ತ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 800 ಟನ್ ತೂಗುತ್ತದೆ. ನೂರಕ್ಕೆ 7ರ ಲೆಕ್ಕ ಹಿಡಿದರೂ ಅದರಲ್ಲಿ 50 ಟನ್ನಿಗೆ ಮೇಲ್ಪಟ್ಟು ಅಲ್ಯೂಮಿನಿಯಂ ಇದೆ. ಒಂದು ಕಿಲೋ ತೂಗದ ಬೋಗುಣಿಯನ್ನು ಹೊರಗೆಸೆದು ಇಂಥ ಹೊಲವನ್ನು ಇಟ್ಟುಕೊಳ್ಳುವ ರೈತ ತರ್ಕದೋಷ ಮಾಡಿದಂತೆಯೇ. ಆದ್ದರಿಂದ ಡೋಣಿ ತೀರದ ಜೋಳದ ಹೊಲಗಳನ್ನೂ ಸಿಂದಗಿಯ ತೊಗರಿ ಹೊಲಗಳನ್ನೂ ಕೂಡಲೇ ತೆರವುಗೊಳಿಸಬೇಕು. ಇಷ್ಟು ಗಂಭೀರ ಸಂಗತಿ ಇಂದಿಗೂ ಉತಾರದಲ್ಲಿ ನಮೂದಾಗದಿರುವುದು ಕಂದಾಯ ಇಲಾಖೆಯ ಲೋಪವೆಂದೇ ಹೇಳಬೇಕು.

ಇಲ್ಲಿ ಪೂರ್ವಪಕ್ಷಿ ಎದ್ದು ನಿಂತು, ಮಣ್ಣಿನ ಅಲ್ಯೂಮಿನಿಯಂ ಜೇಡಿಯಲ್ಲಿ ಬಂಧಿಯಾಗಿರುತ್ತದೆ, ಮೈಗೆ ಹತ್ತುವುದಿಲ್ಲ ಎನ್ನುತ್ತಾನೆ. ಮಾತು ನಿಜ. ಮಣ್ಣು ಆ ಲೋಹವನ್ನು ಸುಲಭಕ್ಕೆ ಬಿಟ್ಟುಕೊಡುವಂತಿದ್ದರೆ ಬೆಳಗಾವಿಯ ಹಿಂಡಾಲ್ಕೋ ಕಾರ್ಖಾನೆ ಬಾಕ್ಸೈಟ್ ಅದಿರನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ಅಲ್ಯೂಮಿನಾ ತೆಗೆಯುವ, ಉಳಿದ ಕೆಂಪು ಕೆಸರನ್ನು ಎಲ್ಲಿ ಹಾಕುವುದೆಂದು ಚಿಂತಿಸುವ ಕಷ್ಟಪಡಬೇಕಿರಲಿಲ್ಲ. ನಮ್ಮ ಎರೆ ಕ್ಷಾರಗುಣದ್ದು. ಅಲ್ಯೂಮಿನಿಯಂ ಕರಗಿ ಬೇರುಗಳಿಗೆ ವಿಷವಾಗುವುದು ಹುಳಿಮಣ್ಣಿನಲ್ಲಿ. ಮೇಲಾಗಿ, ಬಾಯಿಯಿಂದ ಹೊಟ್ಟೆಗಿಳಿದ ಅಲ್ಯೂಮಿನಿಯಂನಲ್ಲಿಯೂ ಸಾವಿರಕ್ಕೆ ಒಂದರಿಂದ ಮೂರು ಪಾಲು ಮಾತ್ರ ರಕ್ತ ಸೇರುತ್ತದೆ. ಸೇರಿದ್ದರಲ್ಲಿ ಬಹುಪಾಲನ್ನು ಆರೋಗ್ಯವಂತ ಮೂತ್ರಪಿಂಡ ಹೊರಹಾಕುತ್ತದೆ. ಈ ಆಕ್ಷೇಪವನ್ನು ಪ್ರಬಂಧವು ಒಪ್ಪುತ್ತದೆ. ಆದರೆ ಒಪ್ಪಿಗೆಯ ಬೆಲೆಯನ್ನೂ ವಸೂಲು ಮಾಡುತ್ತದೆ. ಎಷ್ಟಿದೆ ಎನ್ನುವುದು ಮುಖ್ಯವಲ್ಲ, ಎಷ್ಟು ಕರಗಿ ಯಾವ ದಾರಿಯಲ್ಲಿ ಒಳಹೋಗುತ್ತದೆ ಎನ್ನುವುದೇ ಮುಖ್ಯ ಎಂಬ ನ್ಯಾಯವು ಹೊಲಕ್ಕೆ ಸಲ್ಲುವುದಾದರೆ ಬೋಗುಣಿಗೂ ಸಲ್ಲಬೇಕು. ಹೊಲಕ್ಕೊಂದು, ಡಬರಿಗೊಂದು ಕಾನೂನು ಮಾಡಲು ಯಾವ ಶಾಸ್ತ್ರದಲ್ಲೂ ಆಧಾರವಿಲ್ಲ.

ಬೋಗುಣಿಯ ವಿಚಾರಣೆ ಹೀಗಿದೆ. ಅಲ್ಯೂಮಿನಿಯಂ ಗಾಳಿ ತಗಲಿದ ಕ್ಷಣವೇ ತನ್ನ ಮೇಲೆ ಆಕ್ಸೈಡಿನ ಅತಿ ತೆಳು ಪದರ ಹೊದ್ದುಕೊಳ್ಳುತ್ತದೆ. ನೀರು, ಹಾಲು, ಅನ್ನ ಆ ಪದರವನ್ನು ಹೆಚ್ಚು ಕೆಣಕುವುದಿಲ್ಲ. ತೀರ ಹುಳಿಯೂ ತೀರ ಕ್ಷಾರವೂ ಅದನ್ನು ಕರಗಿಸುತ್ತವೆ. ಉಪ್ಪು ಮತ್ತು ಹೊತ್ತು ಅವಕ್ಕೆ ನೆರವಾಗುತ್ತವೆ. ಈ ದೃಷ್ಟಿಯಿಂದ ಇಂಡಿ ತಾಲೂಕು ಅತಿಸೂಕ್ಷ್ಮ ವಲಯ: ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಅಲ್ಲಿಯೇ, ಭೌಗೋಳಿಕ ಸೂಚಿಕೆ ಪಡೆದ ನಿಂಬೆ ಬೆಳೆಯುವುದೂ ಅಲ್ಲಿಯೇ. ನಿಂಬೆಯ ಸಿಟ್ರಿಕ್ ಆಮ್ಲ ಅಲ್ಯೂಮಿನಿಯಂ ಅನ್ನು ಕರಗಿಸುವುದಷ್ಟೇ ಅಲ್ಲ, ಕರುಳಿನಲ್ಲಿ ಅದರ ಹೀರಿಕೆಯನ್ನೂ ಹೆಚ್ಚಿಸುತ್ತದೆ. ಹುಳಿಯಾದ ಪುಂಡಿಪಲ್ಯವನ್ನು ಜರ್ಮನ್ ಪಾತ್ರೆಯಲ್ಲಿ ಬೇಯಿಸಿ ಮರುದಿನದ ತನಕ ಅದರಲ್ಲೇ ಬಿಡುವುದು ಈ ಕಾರಣಕ್ಕೆ ಒಳ್ಳೆಯದಲ್ಲ. ಉಪ್ಪಿನಕಾಯಿಯನ್ನು ಬರಣಿಗೆ ತುಂಬಿದ ಅಜ್ಜಿಯರು ರಸಾಯನಶಾಸ್ತ್ರದ ಪದವಿಯಿಲ್ಲದೆಯೇ ಈ ನಿರ್ಣಯಕ್ಕೆ ಬಂದಿದ್ದರು. ಆದ್ದರಿಂದ ಅದನ್ನು ಹೊಸ ಸಂಶೋಧನೆಯೆಂದು ಮಂಡಿಸಲು ಪ್ರಬಂಧಕ್ಕೆ ಅವಕಾಶವಿಲ್ಲ.

ಪ್ರಮಾಣವನ್ನೂ ನೋಡೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 2011ರಲ್ಲಿ ವಿಧಿಸಿದ ಮಿತಿ ವಾರಕ್ಕೆ, ದೇಹತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂ. 60 ಕಿಲೋದ ವ್ಯಕ್ತಿಗೆ 120 ಮಿಲಿಗ್ರಾಂ. ಮಿರ್ಚಿ ಭಜಿ ತಿಂದು ಎದೆಯುರಿ ಹತ್ತಿದವರು ಚೀಪುವ ಅನೇಕ ಆಮ್ಲಶಾಮಕ ಗುಳಿಗೆಗಳ ಮುಖ್ಯ ದ್ರವ್ಯವೇ ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಒಂದೊಂದರಲ್ಲೂ ಹತ್ತಾರು ಮಿಲಿಗ್ರಾಂ ಲೋಹವಿರುತ್ತದೆ. ಚಹಾ ಗಿಡವೋ ಹುಳಿಮಣ್ಣಿನ ಅಲ್ಯೂಮಿನಿಯಂ ಅನ್ನು ಎಲೆಯಲ್ಲಿ ಕೂಡಿಡುವ ಗುಣದ್ದು. ಹೀಗಾಗಿ ಒಂದು ಕೈಯಲ್ಲಿ ಗುಳಿಗೆ, ಇನ್ನೊಂದು ಕೈಯಲ್ಲಿ ಚಹಾದ ಲೋಟ ಹಿಡಿದು ಬೋಗುಣಿಯನ್ನು ಖಂಡಿಸುವ ಸಜ್ಜನರ ಸ್ಥಿತಿ ತತ್ತ್ವಶಾಸ್ತ್ರದ ದೃಷ್ಟಿಯಿಂದ ಬಹಳ ಕುತೂಹಲಕರ. ಇದರಿಂದ ಹೊರಡುವ ಉಪಸಿದ್ಧಾಂತ: ಅಲ್ಯೂಮಿನಿಯಂ ಭಯವು ಅದರ ಪ್ರಮಾಣಕ್ಕಲ್ಲ, ಹೊಳಪಿಗೆ ಅನುಪಾತದಲ್ಲಿರುತ್ತದೆ.

ಇತಿಹಾಸಪರವಾದ ಆಕ್ಷೇಪ ಎರಡು. ಸ್ವಾತಂತ್ರ್ಯ ಹೋರಾಟಗಾರರನ್ನು ಕೊಲ್ಲಲೆಂದೇ ಬ್ರಿಟಿಷರು ಈ ಪಾತ್ರೆಗಳನ್ನು ಸೆರೆಮನೆಗೆ ತಂದರು ಎನ್ನುವುದು ಮೊದಲನೆಯದು. ದಾಖಲೆ ಹೇಳುವ ಕಥೆಯೇ ಬೇರೆ. 1898ರ ಸುಮಾರಿಗೆ ಮದ್ರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಎಂಜಿನಿಯರು ಅಲ್ಯೂಮಿನಿಯಂ ಪಾತ್ರೆ ಮಾಡುವ ಕಸುಬನ್ನು ಆರಂಭಿಸಿದ್ದು ಇಲ್ಲಿನ ಕೈಗಾರಿಕೆ ಬೆಳೆಯಲೆಂದು. ಮುಂದೆ ಅವನೇ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾದ. ಸಾಮ್ರಾಜ್ಯವು ಮಾಡಿದ ಪಾಪಗಳ ಪಟ್ಟಿ ಸಾಕಷ್ಟು ಉದ್ದವಿರುವಾಗ ಅದಕ್ಕೆ ಬೋಗುಣಿಯನ್ನು ಸೇರಿಸುವ ಅಗತ್ಯವಿಲ್ಲ. ಹಿತ್ತಾಳೆ ತಾಮ್ರಗಳ ಕಾಲವೇ ನಿರ್ಮಲವಾಗಿತ್ತು ಎನ್ನುವುದು ಎರಡನೆಯದು. ಆ ಕಾಲ ನಿರ್ಮಲವಾಗಿದ್ದರೆ ಕಲಾಯಿಗಾರನಿಗೆ ಕೆಲಸವೇ ಇರುತ್ತಿರಲಿಲ್ಲ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ನಿಂತರೆ ತಾಮ್ರ ಕಿಲುಬಿ ವಿಷವಾಗುತ್ತದೆಂದೇ ಅವನು ಊರೂರು ತಿರುಗುತ್ತಿದ್ದ.

ವೈದ್ಯಶಾಸ್ತ್ರದ ಸಾಕ್ಷ್ಯವೂ ದಾರಿಯ ಮಹತ್ವವನ್ನೇ ಹೇಳುತ್ತದೆ. 1965ರಲ್ಲಿ ಮೊಲಗಳ ಮಿದುಳಿಗೆ ನೇರವಾಗಿ ಅಲ್ಯೂಮಿನಿಯಂ ಲವಣ ಸೇರಿಸಿದ ಪ್ರಯೋಗದಿಂದ ಮರೆವಿನ ರೋಗದ ಶಂಕೆ ಹುಟ್ಟಿತು. ಆಹಾರದ ಅಲ್ಯೂಮಿನಿಯಂ ಆಲ್ಝೈಮರ್‌ಗೆ ಕಾರಣವೆಂಬುದು ಈವರೆಗೆ ಸಿದ್ಧಪಟ್ಟಿಲ್ಲ. ನಿಜವಾದ ಹಾನಿ ಕಂಡದ್ದು 1970ರ ದಶಕದ ಡಯಾಲಿಸಿಸ್ ರೋಗಿಗಳಲ್ಲಿ. ಯಂತ್ರಕ್ಕೆ ಬಳಸಿದ ನೀರಿನ ಅಲ್ಯೂಮಿನಿಯಂ ಕರುಳಿನ ಕಾವಲನ್ನು ದಾಟುವ ಗೋಜಿಲ್ಲದೆ ರಕ್ತ ಸೇರಿತು, ಹೊರಹಾಕಬೇಕಾದ ಮೂತ್ರಪಿಂಡ ಸೋತಿತ್ತು. ಮಿದುಳೂ ಮೂಳೆಯೂ ಹಾಳಾದವು. ಬೋಗುಣಿಯ ಪರ ವಕೀಲರು ಈ ಸಂಗತಿಯನ್ನು ಮರೆಯಬಾರದು.

ನೀರಿನ ವಿಷಯಕ್ಕೆ ಬಂದರೆ ವರ್ಜನವಾದಿಗೆ ಧರ್ಮಸಂಕಟ. ವಿಜಯಪುರ ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಅದು ಹಲ್ಲನ್ನು ಕಂದಿಸುತ್ತದೆ, ಮೂಳೆಯನ್ನು ಬಗ್ಗಿಸುತ್ತದೆ. ಹೊಳೆಯುವುದಿಲ್ಲವಾದ್ದರಿಂದ ಅದರ ಬಗ್ಗೆ ಫಾರ್ವರ್ಡ್ ಬರುವುದಿಲ್ಲ. ಅದನ್ನು ತೆಗೆಯಲು ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲಗೊಂಡ ವಿಧಾನದಲ್ಲಿ ಸುಣ್ಣದ ಜೊತೆ ಪಟಕ ಬಳಸುತ್ತಾರೆ, ಅಂದರೆ ಅಲ್ಯೂಮಿನಿಯಂ ಲವಣ. ಮಳೆಗಾಲದ ಕೆಂಪು ಹೊಳೆನೀರನ್ನು ತಿಳಿಗೊಳಿಸುವುದೂ ಅದೇ. ಅಳತೆ ತಪ್ಪಿದರೆ ನೀರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ. ಭಾರತೀಯ ಮಾನಕ ಅದಕ್ಕೆ ಲೀಟರಿಗೆ 0.03 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 0.2ರವರೆಗೆ ಎಂದು ಗೆರೆ ಎಳೆದಿದೆ. 1988ರಲ್ಲಿ ಇಂಗ್ಲೆಂಡಿನ ಕ್ಯಾಮೆಲ್‌ಫರ್ಡಿನಲ್ಲಿ 20 ಟನ್ ಅಲ್ಯೂಮಿನಿಯಂ ಸಲ್ಫೇಟನ್ನು ತಪ್ಪು ತೊಟ್ಟಿಗೆ ಸುರಿದು ಸುಮಾರು 20,000 ಜನರ ನೀರು ಕೆಡಿಸಿದ್ದು ನೀರು ತಿಳಿಗೊಳಿಸುವ ಇಂಥದೇ ಘಟಕದಲ್ಲಿ. ಆದರೆ ಆ ಭಯದಿಂದ ಪಟಕವನ್ನು ಬಿಟ್ಟರೆ ಉಳಿಯುವುದು ಫ್ಲೋರೈಡ್. ಇಲ್ಲಿ ಬೇಕಾದದ್ದು ವರ್ಜನೆಯಲ್ಲ, ದಿನವೂ ಅಳೆಯುವ ಒಬ್ಬ ಮನುಷ್ಯ.

ಪರಿಸರದ ಮಾತು ಹಳೆಯ ಬಸವನ ಬಾಗೇವಾಡಿ ತಾಲೂಕಿನ ಕೂಡಗಿಯಲ್ಲಿದೆ. ಅಲ್ಲಿನ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಉರಿಸುವ ಕಲ್ಲಿದ್ದಲಿನ ಹಾರುಬೂದಿಯಲ್ಲಿ ನಾಲ್ಕನೆಯ ಒಂದು ಪಾಲಿನ ಆಸುಪಾಸು ಅಲ್ಯೂಮಿನಾ ಇರುತ್ತದೆ. ಅದು ಬಹುಮಟ್ಟಿಗೆ ಗಾಜಿನಂತೆ ಗಟ್ಟಿಯಾಗಿ ಬಂಧಿಯಾಗಿರುವುದರಿಂದ ಅಲ್ಯೂಮಿನಿಯಂ ಎಂಬ ಹೆಸರಿನಲ್ಲಿ ಅದಕ್ಕೆ ಹೆದರಬೇಕಿಲ್ಲ; ಸಣ್ಣ ಧೂಳು ಎಂಬ ಹೆಸರಿನಲ್ಲಿ ಖಂಡಿತ ಹೆದರಬೇಕು, ಶ್ವಾಸಕೋಶಕ್ಕೆ ಲೋಹದ ಹೆಸರು ಗೊತ್ತಿರುವುದಿಲ್ಲ. ಬೋಗುಣಿಯ ಸ್ಥಿತಿಯೂ ಇಂಥದ್ದೇ. ಕಂಡಕಂಡ ಗುಜರಿಯನ್ನು ಕರಗಿಸಿ ಎರಕ ಹೊಯ್ದ ಪಾತ್ರೆಗಳಿಂದ ಸೀಸ ಆಹಾರಕ್ಕಿಳಿಯುವುದನ್ನು ಹಲವು ದೇಶಗಳ ಪರೀಕ್ಷೆಗಳು ತೋರಿಸಿವೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಕೆಲವು ಆಮದು ಅಲ್ಯೂಮಿನಿಯಂ ಮತ್ತು ಹಿಂಡಾಲಿಯಂ ಪಾತ್ರೆಗಳ ಬಗ್ಗೆ ಇದೇ ಎಚ್ಚರಿಕೆ ಕೊಟ್ಟಿತು. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಶಂಕೆಯ ವಿಷಯವಲ್ಲ, ಸಿದ್ಧಪಟ್ಟ ಸಂಗತಿ. ಅಂದರೆ ಬೋಗುಣಿ ತಪ್ಪಿತಸ್ಥನಾಗುವುದು ಬಹುತೇಕ ಅದರೊಳಗೆ ಅಡಗಿರುವ ಬೇರೊಬ್ಬನ ದೆಸೆಯಿಂದ.

ನಿಗಮನ: ಪೂರ್ಣ ವರ್ಜನೆಗೆ ಭೂಮಿಯ ಹೊರಪದರವನ್ನೇ ತೆಗೆಯಬೇಕಾಗುವುದರಿಂದ ಅದಕ್ಕೆ ಸಮಿತಿ ನೇಮಕವಾಗಲಿ. ವರದಿ ಬರುವವರೆಗೆ ಈ ಮಧ್ಯಂತರ ಕ್ರಮಗಳು ಸಾಕು. ಹುಳಿ ಪದಾರ್ಥವನ್ನು ಜರ್ಮನ್ ಪಾತ್ರೆಯಲ್ಲಿ ಇಟ್ಟು ಬಿಡದಿರುವುದು. ತಯಾರಕರ ಗುರುತಿಲ್ಲದ ಎರಕದ ಪಾತ್ರೆ ಕೊಳ್ಳದಿರುವುದು. ಮೂತ್ರಪಿಂಡದ ಕಾಯಿಲೆಯವರು ಆಮ್ಲಶಾಮಕ ಗುಳಿಗೆಯನ್ನು ವೈದ್ಯರನ್ನು ಕೇಳಿಯೇ ನುಂಗುವುದು. ಕುಡಿಯುವ ನೀರಿನ ಫ್ಲೋರೈಡ್ ಮತ್ತು ಅಲ್ಯೂಮಿನಿಯಂ ಅಂಕಿಗಳನ್ನು ಪಂಚಾಯ್ತಿಯ ಫಲಕದಲ್ಲಿ ಬರೆಯಿಸುವುದು. ಬೂದಿಯ ಧೂಳನ್ನು ಅಳೆಸುವುದು. ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಖರ್ಚಿಲ್ಲ, ಯಾವುದೂ ರೋಮಾಂಚಕವಲ್ಲ. ಆದ್ದರಿಂದ ಇವು ಫಾರ್ವರ್ಡ್ ಆಗುವ ಅಪಾಯವೂ ಇಲ್ಲ.