ನಾನಾಗಲೇ ಹೇಳಲಿಲ್ವಾ?

ನಾಯಕಿ ಎದೆಗೆ ಪುಸ್ತಕ ಅವಚಿಕೊಂಡು ಕಾಲೇಜಿನ ಮೆಟ್ಟಿಲಿಳಿಯುತ್ತಿರುತ್ತಾಳೆ. ನಾಯಕನ ನೆರಳೂ ಇನ್ನೂ ಕಂಡಿರುವುದಿಲ್ಲ. ಅಷ್ಟರಲ್ಲೇ ನಮ್ಮ ಚಿಕ್ಕಪ್ಪ "ಈಗ ಡಿಕ್ಕಿ" ಎನ್ನುತ್ತಾರೆ. ಡಿಕ್ಕಿಯಾಗುತ್ತದೆ. "ಪುಸ್ತಕ ಬೀಳ್ತವೆ." ಬೀಳುತ್ತವೆ. "ಇಬ್ರೂ ಬಗ್ತಾರೆ, ತಲೆಗೆ ತಲೆ ತಾಗತ್ತೆ." ತಾಗುತ್ತದೆ. ಆಮೇಲೆ, ತಾವು ಹೇಳಿದ ದಿನವೇ ಮಳೆ ಸುರಿದ ಜೋಯಿಸರ ಹಾಗೆ ಒಮ್ಮೆ ಎಲ್ಲರ ಮುಖ ನೋಡಿ, "ನಾನಾಗಲೇ ಹೇಳಲಿಲ್ವಾ?"

ಇಂಥವರು ನಿಮ್ಮಲ್ಲೂ ಇರುತ್ತಾರೆ, ಸೋದರಮಾವನಾಗಿಯೋ ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರಾಗಿಯೋ. ಥಿಯೇಟರಿನಲ್ಲಾದರೆ ನಿಮ್ಮ ಹಿಂದಿನ ಸೀಟು ಅವರಿಗೇ ಮೀಸಲು.

ಚಿಕ್ಕಪ್ಪನ ಪ್ರಕಾರ ಪ್ರೇಮಕ್ಕೆ ಮಳೆ ಬೇಕು, ಛತ್ರಿ ಮಾತ್ರ ಒಂದೇ ಇರಬೇಕು. ದುಪಟ್ಟಾ ಇದ್ದ ಮೇಲೆ ಅದು ನಾಯಕನ ವಾಚಿಗೆ ಸಿಕ್ಕಿಕೊಳ್ಳಬೇಕು. ಹಾಡಿನ ಮೊದಲ ತಂತಿ ಮೀಟುತ್ತಿದ್ದಂತೆ "ಮೇಲುಕೋಟೆ" ಎನ್ನುತ್ತಾರೆ, ರಾಯಗೋಪುರದ ಕಂಬಗಳು ಕಾಣಿಸಿಕೊಳ್ಳುತ್ತವೆ. ಫಾರಿನ್ನಿಂದ ಬಂದ ಗಂಡು ಸೂಟ್‌ಕೇಸ್ ಹಿಡಿದು ಕಾರಿಳಿದರೆ, "ಪಾಪ, ಒಳ್ಳೇ ಹುಡುಗ. ಇವನಿಗೆ ಹುಡುಗಿ ದಕ್ಕಲ್ಲ" ಎಂದು ಲೊಚಗುಟ್ಟುತ್ತಾರೆ. ಡಾಕ್ಟರು ಆಪರೇಷನ್ ಥಿಯೇಟರಿನಿಂದ ಹೊರಬಂದು ಕನ್ನಡಕ ತೆಗೆದರೋ, ಚಿಕ್ಕಪ್ಪ ಟವೆಲಿಗೆ ಕೈಹಾಕುತ್ತಾರೆ.

ನಾಯಕ ಯಾರದೋ ಭುಜದ ಮೇಲೆ ಕೈಯಿಟ್ಟಿದ್ದನ್ನು ನಾಯಕಿ ಕಿಟಕಿಯಿಂದ ನೋಡಿ, ಅರ್ಧ ಮಾತು ಕೇಳಿಸಿಕೊಂಡು ಓಡಿಹೋಗುತ್ತಾಳಲ್ಲ, ಆಗ ಮಾತ್ರ ಅವರಿಗೆ ರೇಗುತ್ತದೆ.

"ಒಂದು ಫೋನ್ ಮಾಡಿ ಕೇಳಿದ್ರೆ ಮುಗೀತಿತ್ತಪ್ಪ!"

"ಮುಗಿದುಹೋಗಿದ್ರೆ ಇಂಟರ್ವಲ್ ಆದ್ಮೇಲೆ ನೀವೇನ್ರೀ ನೋಡ್ತಿದ್ರಿ?" ಎಂದು ಅಡುಗೆಮನೆಯಿಂದ ಚಿಕ್ಕಮ್ಮ.

ಎಲ್ಲವೂ ಒಂದೇ ಕಥೆ, ನಮ್ಮವರಿಗೆ ಹೊಸದು ತೋಚುವುದೇ ಇಲ್ಲ ಎಂದು ವಾರಕ್ಕೊಮ್ಮೆಯಾದರೂ ಅವರು ಗೊಣಗುವುದುಂಟು. ಹೊಸದು ತೋಚಿಸಿಕೊಂಡವರ ಗತಿ ಏನಾಯಿತೆಂದು ನಾನು ಬಲ್ಲೆ. ಪ್ರೇಯಸಿಯನ್ನು ಬೇರೆಯವನಿಗೆ ಬಿಟ್ಟುಕೊಟ್ಟೂ ಬಿಟ್ಟುಕೊಟ್ಟೂ ರಮೇಶ್ ಅರವಿಂದ್ ಅವರಿಗೆ 'ತ್ಯಾಗರಾಜ' ಎಂಬ ಅಡ್ಡಹೆಸರೇ ಬಿದ್ದಿತ್ತಷ್ಟೆ. 1997ರ 'ಅಮೃತವರ್ಷಿಣಿ'ಯಲ್ಲಿ ಆ ತ್ಯಾಗರಾಜನೇ ಗೆಳೆಯನ ಹೆಂಡತಿಯ ಮೇಲಿನ ಮೋಹಕ್ಕೆ ಗೆಳೆಯನ ಸಾವಿಗೆ ಕಾರಣನಾಗಿಬಿಟ್ಟ. ಚಿತ್ರ ಗೆದ್ದಿತು, ಹಾಡುಗಳು ಮನೆಮನೆಯಲ್ಲಿ ಮೊಳಗಿದವು. ಚಿಕ್ಕಪ್ಪ ಮಾತ್ರ ಇವತ್ತಿಗೂ ಕ್ಷಮಿಸಿಲ್ಲ. "ಅವನನ್ನ ನಂಬಿ ಟಿಕೆಟ್ ತಗೊಂಡಿದ್ವಿ" ಎನ್ನುತ್ತಾರೆ.

ಅವರಿಗೆ ದೊಡ್ಡ ಪೆಟ್ಟು ಬಿದ್ದದ್ದು 2006ರ ಡಿಸೆಂಬರಿನಲ್ಲಿ ತೆರೆಕಂಡ 'ಮುಂಗಾರು ಮಳೆ'ಯಿಂದ. ನಾಯಕಿಯನ್ನು ನೋಡುತ್ತ ನೋಡುತ್ತ ಗಣೇಶ್ ಮ್ಯಾನ್‌ಹೋಲಿಗೆ ಬಿದ್ದಾಗ, "ಡಿಕ್ಕಿ ಬದಲು ಗುಂಡಿ, ಅಷ್ಟೇ. ಬೆಂಗಳೂರಿಗೆ ಇದೇ ಸರಿ" ಎಂದು ಒಪ್ಪಿಕೊಂಡಿದ್ದರು. ಮಳೆ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು, ಜೋಗವೂ ಇತ್ತು. ಕೊನೆಗೆ ಮದುವೆಮನೆ ಬಂತು. ಚಿಕ್ಕಪ್ಪ ಸೀಟಿನ ತುದಿಗೆ ಜರುಗಿ, "ಈಗ ಬಂದು 'ನಿಲ್ಸಿ' ಅಂತಾನೆ ನೋಡು" ಎಂದರು. ಯಾರೂ ನಿಲ್ಲಿಸಲಿಲ್ಲ. ಹುಡುಗಿ ಇನ್ನೊಬ್ಬನ ಪಾಲಾದಳು. ಸಾಲದ್ದಕ್ಕೆ ನಾಯಕನ ಮೊಲ ದೇವದಾಸನೂ ಸತ್ತುಹೋಯಿತು.

"ಹುಡುಗೀನೂ ಇಲ್ಲ, ಮೊಲಾನೂ ಇಲ್ಲ, ಇದೆಂಥ ಲವ್ ಸ್ಟೋರಿ?" ಎಂದು ದಾರಿಯುದ್ದಕ್ಕೂ ಒದರಾಡಿದವರು ಮುಂದಿನ ಭಾನುವಾರ ಒಬ್ಬರೇ ಹೋಗಿ ಮತ್ತೆ ನೋಡಿ ಬಂದರು. ಬಂದವರೇ, ಇದೂ ಹಳೇ ಪದ್ಧತಿಯೇ, 1984ರಲ್ಲಿ 'ಬಂಧನ'ದ ವಿಷ್ಣುವರ್ಧನ್‌ಗೆ ಸುಹಾಸಿನಿ ಸಿಕ್ಕರೇ ಎಂದು ನಮ್ಮನ್ನೇ ದಬಾಯಿಸಿದರು. ತಮಗೆ ಗೊತ್ತಿರದ ಕಥೆಯೊಂದು ಲೋಕದಲ್ಲಿದೆ ಎಂಬುದು ಸುಳ್ಳಾಯಿತಲ್ಲ, ಆವತ್ತು ಎರಡು ಹೋಳಿಗೆ ಹೆಚ್ಚೇ ತಿಂದರು.

ಇಷ್ಟೆಲ್ಲ ಬಲ್ಲವರ ಮಗಳು ಹೋದ ವರ್ಷ, ಆಫೀಸಿನ ಹುಡುಗನೊಬ್ಬನನ್ನು ಮದುವೆಯಾಗುತ್ತೇನೆಂದು ಟಿವಿ ಆಫ್ ಮಾಡಿ ಹೇಳಿದಳು. ನಾವೆಲ್ಲ ಉಸಿರು ಬಿಗಿಹಿಡಿದೆವು. ಅಪ್ಪಂದಿರು ಆಗ ಏನೇನು ಹೇಳಬೇಕೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚಿಕ್ಕಪ್ಪ ಜಾತಿ ಕೇಳಲಿಲ್ಲ, ಸಂಬಳ ಕೇಳಲಿಲ್ಲ.

"ಎಲ್ಲಿ ಸಿಕ್ಕಿದ್ದು?"

"ಆಫೀಸಲ್ಲೇ ಅಪ್ಪ. ಅವನ ಪಿ.ಎಫ್. ಫಾರಂನಲ್ಲಿ ನಾಮಿನಿ ಕಾಲಂ ಖಾಲಿ ಇತ್ತು. ಕರೆಸಿ ಕೇಳಿದೆ."

"ಆವತ್ತು ಮಳೆ?"

"ಇಲ್ಲಪ್ಪ, ಎಸಿ."

ಚಿಕ್ಕಪ್ಪನ ಮುಖ ಇಳಿದುಹೋಯಿತು. ಹುಡುಗನೇನೋ ಒಪ್ಪಿಗೆಯಾದ, ಪಿ.ಎಫ್. ಒಪ್ಪಿಗೆಯಾಗಲಿಲ್ಲ. ಮಾತುಕತೆಗೆ ಬೀಗರಾಗುವವರು ಬಂದು ಕೂತಾಗ, ಚಿಕ್ಕಮ್ಮ ಕಣ್ಣು ಬಿಟ್ಟರೂ ಕೇಳದೆ, "ಮಕ್ಕಳು ಮೊದಲು ನೋಡಿದ್ದು ಮೆಜೆಸ್ಟಿಕ್ಕಲ್ಲಂತೆ, ಬಸ್‌ಸ್ಟಾಪಲ್ಲಿ. ಜೋರು ಮಳೆ" ಎಂದುಬಿಟ್ಟರು.

ಹುಡುಗನ ತಂದೆ ಕೇಸರಿಬಾತಿನ ತಟ್ಟೆ ಕೆಳಗಿಟ್ಟು, ಬಲು ತೃಪ್ತಿಯಿಂದ ತಲೆಯಾಡಿಸಿದರು.

"ಛತ್ರಿ ಒಂದೇ ಇತ್ತು ಅನ್ನಿ."